ಸಮುದ್ರವಿಲ್ಲದ ಊರಿನ ತೀರವಿಹಾರ

ದಸರೆಯ ಸೂಟಿ ಮುಗಿದು ಶಾಲೆ ತೆರೆದ ದಿನ, ಕಾರವಾರ ಕಂಡುಬಂದ ಗೆಳೆಯನ ಜೇಬಿನಿಂದ ಕಪ್ಪೆಚಿಪ್ಪುಗಳು ಹೊರಬರುತ್ತವೆ. ಅವನ್ನು ನೋಡಿದ ಹುಡುಗ ಸಂಜೆ ಮನೆಗೆ ಬಂದವನೇ, "ಅಪ್ಪಾ, ನಮ್ಮ ಯಾದಗಿರಿಗೆ ಸಮುದ್ರ ಯಾಕಿಲ್ಲ?" ಎಂದು ಕೇಳುತ್ತಾನೆ. "ಮುಂದಿನ ಸೂಟಿಯಾಗ ಹೋಗೋಣಂತ. ಈಗ ಓದು ನಡಿ" ಎಂದು ತಂದೆಯ ಉತ್ತರ. ಮಗು ಕೇಳಿದ್ದು ಪ್ರವಾಸವನ್ನಲ್ಲ, ಕಾರಣವನ್ನು. ಹೀಗೆ ನಾಲ್ಕಾರು ಬಾರಿ ಉತ್ತರ ತಪ್ಪಿದರೆ ಕೇಳುವ ಅಭ್ಯಾಸವೇ ಬತ್ತಿಹೋಗುತ್ತದೆ. ಆಮೇಲೆ ಮನೆಪಾಠಕ್ಕೆ ಎಷ್ಟು ಹಣ ತೆತ್ತರೂ ಅದು ಮರಳುವುದು ಕಷ್ಟ.

ಯಾದಗಿರಿ, ಶಹಾಪುರ, ಸುರಪುರಗಳಿಗೆ ಕಡಲು ದೂರ, ನಿಜ. ಮರಳಿಗೇನೂ ಬರವಿಲ್ಲವಷ್ಟೆ. ಯಾದಗಿರಿಯವರಿಗೆ ಭೀಮೆಯ ದಂಡೆ ಸಮೀಪ. ಸುರಪುರದವರಿಗೆ ತಿಂಥಣಿಯ ಕೃಷ್ಣಾತೀರವಿದೆ. ಶಹಾಪುರವಂತೂ ಎರಡು ನದಿಗಳ ನಡುವಿನ ಊರು. ಬೇಸಿಗೆಯ ಬಿಸಿಲು ಈ ಸೀಮೆಯಲ್ಲಿ ಮಕ್ಕಳ ಮಾತಲ್ಲ. ಮಳೆಯ ನೀರು ಇಳಿದು ಮರಳು ಮೇಲೆದ್ದಿರುವ ಚಳಿಗಾಲದ ಒಂದು ಭಾನುವಾರವೇ ತಕ್ಕುದು. ಸಜ್ಜೆರೊಟ್ಟಿ, ಶೇಂಗಾಹಿಂಡಿಗಳ ಬುತ್ತಿಯೊಡನೆ ಒಂದು ಅಯಸ್ಕಾಂತ, ಮುಚ್ಚಳವಿರುವ ಗಾಜಿನ ಸೀಸೆ, ಬಿಳಿಯ ಕಾಗದ, ಎರಡು ನಿಂಬೆಹಣ್ಣು ಇದ್ದರೆ ಸಾಮಗ್ರಿ ಸಾಕು.

ಆದರೆ ಹೊರಡುವ ಮುನ್ನ ಒಂದು ಕಟ್ಟುನಿಟ್ಟು. ಈ ವಿಹಾರ ಮರಳಿನ ಮೇಲಿನದು, ನೀರಿನೊಳಗಿನದಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟರೆ, ಆಕಾಶದಲ್ಲಿ ಮೋಡವಿಲ್ಲದಿದ್ದರೂ, ಕೆಳಗಣ ಕೃಷ್ಣೆ ಏರಬಲ್ಲದು. ಭೀಮೆಗೂ ಮೇಲುಗಡೆ ಬ್ಯಾರೇಜುಗಳಿವೆ. ಕೃಷ್ಣೆಯಲ್ಲಿ ಮೊಸಳೆಗಳುಂಟು. ಮರಳು ತೆಗೆದ ಗುಂಡಿಗಳು ನೀರು ತುಂಬಿ ನೆಲದಂತೆಯೇ ಮೋಸಮಾಡುತ್ತವೆ. ಮಕ್ಕಳಿಗೂ ನೀರಿಗೂ ನಡುವೆ ಸದಾ ಒಬ್ಬ ಹಿರಿಯರು ನಿಂತಿರತಕ್ಕದ್ದು. ಆ ಹಿರಿಯರು ಇಸ್ಪೀಟಿನ ಎಲೆಗಳನ್ನು ಮನೆಯಲ್ಲೇ ಬಿಟ್ಟುಬರುವುದು ಲೇಸು.

ಮೊದಲು ಮರಳು. ಒಂದು ಹಿಡಿಯನ್ನು ಕಾಗದದ ಮೇಲೆ ಹರಡಿ, ಅಯಸ್ಕಾಂತಕ್ಕೂ ಕಾಗದದ ಚೂರೊಂದನ್ನು ಸುತ್ತಿ ಮೇಲಾಡಿಸಿದರೆ ಕರಿಯ ಕಣಗಳು ಚಿಮ್ಮಿ ಅಂಟಿಕೊಳ್ಳುತ್ತವೆ. ಅದು ಕಬ್ಬಿಣದ ಅದಿರು. ಉಳಿದ ಹೊಳಪಿನ ಕಣಗಳಲ್ಲಿ ಹೆಚ್ಚಿನವು ಸ್ಫಟಿಕ. ಇನ್ನೊಂದು ಹಿಡಿಯನ್ನು ದಂಡೆಯ ಮಣ್ಣಿನೊಡನೆ ಸೀಸೆಗೆ ಹಾಕಿ, ನೀರು ತುಂಬಿ, ಕುಲುಕಿ ಇಡಬೇಕು. ಮರಳು ಒಡನೆಯೇ ತಳ ಸೇರುತ್ತದೆ. ಜೇಡಿಯ ರಾಡಿ ಮರುದಿನ ಬೆಳಗಾದರೂ ಪೂರ್ತಿ ತಿಳಿಯಾಗದೆ ಇದ್ದೀತು. ಹೊಳೆ ತಿರುವಿನಲ್ಲಿ ಮರಳನ್ನಿಳಿಸಿ ಮಣ್ಣನ್ನು ಮಾತ್ರ ಹೊತ್ತೊಯ್ಯುವುದೇಕೆಂದು ಬೇರೆ ಪಾಠ ಹೇಳಬೇಕಾಗಿಲ್ಲ.

ಲೆಕ್ಕ ಬೇಕೆನ್ನುವ ತಂದೆಯರಿಗೆ ಅದೂ ಇದೆ. ದಂಡೆಗುಂಟ 20 ಮೀಟರು ಅಳೆದು, ಹಿರಿಯರೊಬ್ಬರು ಒಣ ಎಲೆಯೊಂದನ್ನು ತೇಲಿಬಿಡಲಿ. ಅದು 50 ಸೆಕೆಂಡು ತೆಗೆದುಕೊಂಡರೆ ಗಂಟೆಗೆ ಸುಮಾರು ಒಂದೂವರೆ ಕಿಲೋಮೀಟರು ವೇಗ. ಎಲೆ ಮುಂದೆ ಎಲ್ಲಿಗೆ ಹೋದೀತು? ಭೀಮೆಯಿಂದ ಕೃಷ್ಣೆಗೆ, ಅಲ್ಲಿಂದ ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರಗಳ ಗೋಡೆಗಳನ್ನು ದಾಟಬಲ್ಲುದಾದರೆ, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ. ಗೆಳೆಯನು ಕಂಡ ಕಡಲು ಪಶ್ಚಿಮದ್ದು, ಈ ನೀರು ಸೇರುವುದು ಪೂರ್ವದ್ದನ್ನು ಎಂಬುದನ್ನು ಹುಡುಗ ಭೂಪಟದಲ್ಲಿ ತಾನೇ ಕಂಡುಕೊಳ್ಳಲಿ.

ಇನ್ನು ಕಲ್ಲುಗಳು. ದಿನದ ಅರ್ಧವನ್ನು ಇವಕ್ಕೇ ಕೊಟ್ಟರೂ ಸರಿಯೇ. ಭೀಮೆಯ ದಂಡೆಯಲ್ಲಿ ಮೂರು ಬಗೆಯವನ್ನು ಹುಡುಕಹೇಳಬೇಕು. ಕೆಂಪುಬೂದಿನ ಚುಕ್ಕೆಗಳದು ಗ್ರಾನೈಟ್, ಈ ಸೀಮೆಯ ಬೆಟ್ಟಗಳ ಮಗು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ತೋರುವ ಬೆಟ್ಟವೂ ಅದರದೇ. ಕಪ್ಪಗೆ ಭಾರವಾದುದು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ ಆರಿ ಕಲ್ಲಾಗಿ, ನದಿಯ ಸಂಗಡ ಮಹಾರಾಷ್ಟ್ರದಿಂದ ಉರುಳಿ ಬಂದದ್ದು. ಮೂರನೆಯದು ನುಣುಪಾದ ಬೂದುಬಣ್ಣದ ಸುಣ್ಣಕಲ್ಲು. ಮೂರನ್ನೂ ಚಾಕುವಿನಿಂದ ಕೆರೆದು, ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಮೊದಲೆರಡು ಸುಮ್ಮನಿರುತ್ತವೆ, ಮೂರನೆಯದರಲ್ಲಿ ಸಣ್ಣಗೆ ನೊರೆಯೇಳುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರವಿರುವುದು ಈ ನೊರೆಯಲ್ಲಿ. ಶಹಾಬಾದ ಕಲ್ಲೆಂದು ಮನೆಮನೆಯಲ್ಲೂ ಹಾಸಿರುವುದು ಇದನ್ನೇ. 50 ಕೋಟಿ ವರ್ಷಗಳಿಗೂ ಹಿಂದೆ ಈ ಪ್ರದೇಶವನ್ನು ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಕೆಸರು ಪದರಪದರವಾಗಿ ಕುಳಿತು ಕಲ್ಲಾದದ್ದು. ಅದರಲ್ಲಿ ಶಂಖ ಚಿಪ್ಪುಗಳನ್ನು ಅರಸಿ ಫಲವಿಲ್ಲ. ಚಿಪ್ಪು ಹೊತ್ತ ಜೀವಿಗಳ ಕಾಲಕ್ಕೂ ಮುಂಚಿನ ಸಮುದ್ರವದು. ಮುಂದೆ ಇದೇ ಕಲ್ಲಿನ ಗಟ್ಟಿ ಜಾತಿಯನ್ನೊಡೆದು ಆದಿಮಾನವರು ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಕೈಗೊಡಲಿಗಳನ್ನು ಮಾಡಿಕೊಂಡರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದ ಆ ನೆಲೆಗೆ ಸುಮಾರು 12 ಲಕ್ಷ ವರ್ಷವೆಂದು ಎಣಿಸಲಾಗಿದೆ. ಅಂಥ ಆಯುಧವೆಲ್ಲಾದರೂ ಕಣ್ಣಿಗೆ ಬಿದ್ದರೆ ಚಿತ್ರ ಬರೆದುಕೊಂಡು ಅಲ್ಲೇ ಬಿಡಬೇಕು. ಜೇಬಿಗೆ ಬಂದ ಮೇಲೆ ಅದು ಬರಿಯ ಕಲ್ಲು.

ಸಂಜೆ ಮನೆಗೆ ಮರಳಿದ ಹುಡುಗನು ಉಳಿದ ಅರ್ಧ ನಿಂಬೆಯನ್ನು ಪಡಸಾಲೆಯ ಹಾಸುಗಲ್ಲಿನ ಮೂಲೆಗೆ ಹಿಂಡಿ ನೋಡದೆ ಇರನು. ಕಲೆ ಬೀಳುತ್ತದೆ, ತಾಯಿ ಗದರದಿರಲಿ. ತಂದೆ ಮಾತ್ರ ರಾತ್ರಿಯೇ ಪುಸ್ತಕವೊಂದನ್ನು ತೆರೆದಿಟ್ಟುಕೊಳ್ಳುವುದು ಒಳಿತು. "ಅಪ್ಪಾ, ಆ ಸಮುದ್ರ ಎಲ್ಲಿಗೆ ಹೋತು?" ಎಂಬ ಪ್ರಶ್ನೆ ಬೆಳಗಿನ ಚಹದ ಹೊತ್ತಿಗೆ ಬರಲಿದೆ.