ಸೈಟು ಬಂತು, ಮನೆ ಬರಲಿಲ್ಲ

ಕುಣಿಗಲ್ ದಾಟಿ ಯಡಿಯೂರು ಕಡೆ ಬರುವಾಗ ಹೆದ್ದಾರಿಯ ಎರಡೂ ಪಕ್ಕ ನೋಡ್ಕೊಂಡು ಬನ್ನಿ. ರಾಗಿ ಹೊಲ, ತೆಂಗಿನ ತೋಟ, ಆಮೇಲೆ ಒಂದು ಕಮಾನು. ಕಮಾನಿನ ಒಳಗೆ ಜಲ್ಲಿ ರಸ್ತೆ, ಸಾಲಾಗಿ ನೆಟ್ಟ ಕಲ್ಲು, ಕರೆಂಟು ಕಂಬ. ಮನೆ ಎಲ್ಲಿದೆ ಅಂತ ಹುಡುಕಿ. ಎಷ್ಟೋ ಲೇಔಟ್‌ನಲ್ಲಿ ಒಂದೂ ಸಿಗಲ್ಲ. ಸಿಗೋದು ಸೊಂಟದೆತ್ತರದ ಪಾರ್ಥೇನಿಯಂ.

ಬೆಂಗಳೂರು ಬೆಳೀತಿದೆ, ಜನಕ್ಕೆ ಮನೆ ಬೇಕು, ಅದಕ್ಕೇ ನಿಮ್ಮ ಜಮೀನಿಗೆ ಬೆಲೆ ಬಂದಿದೆ ಅಂತ ಬ್ರೋಕರ್ ಹೇಳ್ತಾನೆ. ನನಗೆ ಹಾಗನ್ನಿಸಲ್ಲ. ನಾಲ್ಕು ಪಥದ ರಸ್ತೆ ಬಂತು, 2017ರಲ್ಲಿ ಕುಣಿಗಲ್ ಮೇಲೆ ಹಾಸನಕ್ಕೆ ರೈಲೂ ಬಂತು. ಆದರೂ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರೋನು ಇಲ್ಲಿ ಮನೆ ಕಟ್ಟಲ್ಲ. ಸೈಟು ತಗೊಳ್ಳೋನಿಗೆ ಬೇಕಿರೋದು ದುಡ್ಡು ಇಡೋಕೆ ಒಂದು ಜಾಗ. ಬ್ಯಾಂಕಿನ ಎಫ್‌ಡಿ ಬದಲು ನಮ್ಮ ಹೊಲ, ಅಷ್ಟೇ.

ಅಮೆರಿಕದ ಕಥೆ ಬೇರೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಮನೆ ಇರಲಿಲ್ಲ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಆಲೂಗಡ್ಡೆ ಹೊಲಗಳನ್ನು ಕೊಂಡು 1947ರಿಂದ ಲೆವಿಟ್‌ಟೌನ್ ಅನ್ನೋ ಊರೇ ಎದ್ದಿತು, 17 ಸಾವಿರಕ್ಕೂ ಹೆಚ್ಚು ಮನೆ. ಆಲೂಗಡ್ಡೆ ಹೋಯ್ತು ನಿಜ, ಆದರೆ ಜನ ಬಂದು ಒಲೆ ಹಚ್ಚಿದರು. ಹೀಗೇ ಬಿಟ್ಟರೆ ಒಳ್ಳೆ ಹೊಲವೆಲ್ಲ ಮುಗಿಯುತ್ತೆ ಅಂತ ಒರೆಗಾನ್ ರಾಜ್ಯ 1973ರಲ್ಲಿ ಕಾನೂನು ಮಾಡಿ ಪ್ರತಿ ಪಟ್ಟಣಕ್ಕೂ ಗಡಿ ಹಾಕಿಸಿತು. ಗಡಿ ಒಳಗೆ ಮನೆ, ಹೊರಗೆ ಬೇಸಾಯ.

ನಮ್ಮಲ್ಲಿ ಬೇಲಿ ಇನ್ನಷ್ಟು ಸಡಿಲವಾಯ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಇದ್ದಾಗ ಬೇಸಾಯಗಾರರಲ್ಲದವರು, ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷ ದಾಟಿ ಆದಾಯ ಇರೋರು ಕೃಷಿ ಜಮೀನು ಕೊಳ್ಳೋ ಹಾಗಿರಲಿಲ್ಲ. ಅಡ್ಡದಾರಿ ಇತ್ತು ಬಿಡಿ, ಆದರೂ ಒಂದು ತಡೆ ಇತ್ತು. 2020ರ ತಿದ್ದುಪಡಿಯಲ್ಲಿ ಅವೆರಡೂ ಹೋದವು. ಈಗ ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು.

ಈಗ ಲೆಕ್ಕಕ್ಕೆ ಬನ್ನಿ, ಮೊಬೈಲಲ್ಲೇ ಕ್ಯಾಲ್ಕುಲೇಟರ್ ಇದೆ. ಒಂದು ಎಕರೆ ಅಂದ್ರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಪಾರ್ಕು, ಸಿಎ ಜಾಗ ಅಂತ ಅರ್ಧ ಬಿಟ್ಟರೂ 30×40ರ 18 ಸೈಟು. ಅಡಿಗೆ ಬರೀ 500 ರೂಪಾಯಿ ಹಿಡಿದರೂ 1 ಕೋಟಿ 8 ಲಕ್ಷ. ನಾವು ಮಾರೋದು ಎಕರೆಯಲ್ಲಿ, ಅವರು ಮಾರೋದು ಅಡಿಯಲ್ಲಿ. ಕನ್ವರ್ಷನ್, ರಸ್ತೆ, ಚರಂಡಿ ಖರ್ಚು ಅವರಿಗೂ ಇದೆ, ಇಲ್ಲ ಅನ್ನಲ್ಲ. ಆದರೆ ಮಾತಿಗೆ ಕೂರೋ ಮುಂಚೆ ಈ ಗುಣಾಕಾರ ನಿಮ್ಮ ತಲೆಯಲ್ಲಿರಲಿ.

ಇದಕ್ಕಿಂತ ನನಗೆ ಭಯ ಇರೋದು ಅಗ್ರಿಮೆಂಟ್ ಬಗ್ಗೆ. ಸೈಟು ಕೊಳ್ಳೋನು ವಾಸಕ್ಕೆ ಬರೋನಲ್ಲ ಅಂದ್ಮೇಲೆ ಅವನಿಗೆ ಅವಸರವಿಲ್ಲ. ಮಾರ್ಕೆಟ್ ಬಿದ್ದರೆ ಕಂತು ನಿಲ್ಲಿಸ್ತಾನೆ. ಅಲ್ಲಿ ಬುಕಿಂಗ್ ನಿಂತರೆ ಇಲ್ಲಿ ನಿಮ್ಮ ಬಾಕಿ ನಿಲ್ಲುತ್ತೆ. ಎರಡು ಲಕ್ಷ ಅಡ್ವಾನ್ಸ್ ಕೊಟ್ಟು, ಜೊತೆಗೊಂದು ಜಿಪಿಎ ಬರೆಸ್ಕೊಂಡು, ಬದು ಒಡೆದು ಕಲ್ಲು ನೆಟ್ಟು ಹೋದರೆ ಮುಗೀತು. ಆ ವರ್ಷ ರಾಗಿನೂ ಇಲ್ಲ, ಹುರುಳಿನೂ ಇಲ್ಲ. ಇಸಿಯಲ್ಲಿ ಕೂತ ಅಗ್ರಿಮೆಂಟ್ ತೆಗೆಸಬೇಕಾದರೆ ಅವನೇ ಬಂದು ಸಹಿ ಹಾಕಬೇಕು, ಇಲ್ಲಾ ಕೋರ್ಟು. ಜಾಯಿಂಟ್ ಡೆವಲಪ್‌ಮೆಂಟ್ ಅಂದರೂ ಹುಷಾರು. ಒಂದು ಎಕರೆ ಲೇಔಟಿಗೂ ರೇರಾ ನೋಂದಣಿ ಬೇಕು, ಪಾಲು ತಗೊಂಡ ಜಮೀನು ಮಾಲೀಕನೂ ಅಲ್ಲಿ ಹೊಣೆಗಾರನಾಗಬಹುದು. ಹಳ್ಳಿಯ ಕೃಷಿ ಜಮೀನನ್ನ ಕೃಷಿ ಜಮೀನಾಗೇ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ನಿಮ್ಮ ಹೆಸರಲ್ಲಿ ಕನ್ವರ್ಷನ್ ಮಾಡಿಸಿದ ಮೇಲೆ ಮಾರಿದರೆ ಆ ಅನುಕೂಲ ಹೋಗುತ್ತೆ. ಬ್ರೋಕರ್ ಇದನ್ನ ಹೇಳಿದ್ದನ್ನ ನಾನಂತೂ ಕೇಳಿಲ್ಲ.

ಸಾಲ ಇದೆ, ಮಗಳ ಮದುವೆ ಇದೆ, ಮಾರಲೇಬೇಕು ಅಂದ್ರೆ ಮಾರಿ. ಬೇಡ ಅನ್ನೋಕೆ ನಾನ್ಯಾರು? ನನ್ನ ಮಾತು ಇಷ್ಟೇ: ಎರಡು ಎಕರೆಗೆ ಅಗ್ರಿಮೆಂಟ್ ಹಾಕಿ ಕಾಯೋದಕ್ಕಿಂತ, 11ಇ ಸ್ಕೆಚ್ ಮಾಡಿಸಿ ಬೇಕಾದಷ್ಟು ಗುಂಟೆ ಮಾತ್ರ ಬೇರೆ ಮಾಡಿ, ಪೂರ್ತಿ ದುಡ್ಡು ಖಾತೆಗೆ ಬಂದ ದಿನವೇ ಕ್ರಯ ಮಾಡಿಕೊಡಿ. ಜಿಪಿಎ ಮಾತ್ರ ಬೇಡವೇ ಬೇಡ.

ಇನ್ನು ಮಾರದೇ ಇರೋರ ಪಾಡು. ಲೇಔಟ್ ಮಾಡೋರು ಮೊದಲು ಮಣ್ಣು ಸುರಿದು ಎತ್ತರಿಸ್ತಾರೆ. ಮಳೆ ನೀರು ಹಳೇ ಜಾಡಲ್ಲಿ ಹಳ್ಳಕ್ಕೆ, ಕೆರೆಗೆ ಹೋಗ್ತಿತ್ತು. ಈಗ ಪಕ್ಕದ ತೋಟದಲ್ಲಿ ನಿಲ್ಲುತ್ತೆ. ತೆಂಗಿನ ಬುಡದಲ್ಲಿ ವಾರಗಟ್ಟಲೆ ನೀರು ನಿಂತರೆ ಬೇರು ಉಸಿರಾಡಲ್ಲ, ಗರಿ ಹಳದಿಯಾಗುತ್ತೆ, ಹರಳು ಉದುರುತ್ತೆ. ಇನ್ನೊಂದು, ಬಂಡಿ ದಾರಿ. ಟ್ರ್ಯಾಕ್ಟರ್ ಹೋಗ್ತಿದ್ದ ದಾರಿಗೆ ಕಾಂಪೌಂಡ್ ಬಂದ್ಮೇಲೆ ಹಿಂದಿನ ಹೊಲದವನು ಏನ್ಮಾಡ್ತಾನೆ? ಅವನೂ ಮಾರ್ತಾನೆ, ಅದೂ ದಾರಿ ಇಲ್ಲದ ಜಮೀನು ಅಂತ ಕಮ್ಮಿ ರೇಟಿಗೆ. ಒಂದು ಸರ್ವೆ ನಂಬರ್ ಮಾರಾಟ ಹೀಗೆ ಹಿಂದಿನ ನಾಲ್ಕನ್ನ ಎಳ್ಕೊಂಡು ಹೋಗುತ್ತೆ.

ಹಾಗಾಗಿ ಇದನ್ನ ಅವರವರ ಮನೆ ವಿಷಯ ಅಂತ ಬಿಡೋಕಾಗಲ್ಲ. ಕಲ್ಲು ನೆಡೋ ಮುಂಚೆ ದಿಶಾಂಕ್ ಆ್ಯಪ್ ತೆಗೆದು ನಿಮ್ಮ ಹೊಲದ ಸುತ್ತಲಿನ ಸರ್ವೆ ನಂಬರ್ ನೋಡಿ. ಗ್ರಾಮ ನಕಾಶೆಯಲ್ಲಿ ಹಳ್ಳ ಎಲ್ಲಿದೆ, ದಾರಿ ಎಲ್ಲಿದೆ ಗುರುತು ಮಾಡಿ, ಫೋಟೋ ಸಮೇತ ಪಿಡಿಒಗೆ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದುನಿಂತು ಆ ಲೇಔಟಿಗೆ ಕನ್ವರ್ಷನ್ ಆಗಿದೆಯಾ, ನಕ್ಷೆ ಮಂಜೂರಾಗಿದೆಯಾ, ನೀರು ಹೋಗೋಕೆ ಎಲ್ಲಿ ಮೋರಿ ಇಟ್ಟಿದ್ದಾರೆ ಅಂತ ಕೇಳಿ, ಉತ್ತರವನ್ನ ನಡಾವಳಿಯಲ್ಲಿ ಬರೆಸಿ. ಕಾಂಪೌಂಡ್ ಎದ್ದ ಮೇಲೆ ಕೇಳಿದರೆ ಹಿಟಾಚಿ ತಂದು ಒಡೆಸೋಕೆ ಯಾರೂ ಬರಲ್ಲ.