ಗಿಡಕ್ಕೆ ಕನ್ನಡ ಚೀಟಿ ಯಾಕಿಲ್ಲ?

ಬೀದರಿನ ಯುವಕರೇ, ಗುಲಾಬಿ ಗಿಡ ಈಗ ಡಬ್ಬಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಭಾಲ್ಕಿಗೂ ಬರುತ್ತದೆ, ಔರಾದಿಗೂ ಬರುತ್ತದೆ. ರೊಕ್ಕ ನಮ್ಮದು, ಮಣ್ಣು ನಮ್ಮದು, ನೀರು ನಮ್ಮದು. ನಾನು ಕಂಡ ಚೀಟಿಗಳು ಮಾತ್ರ ಇಂಗ್ಲಿಷು, ಹಿಂದಿ!

ಕಸಿ ಗಂಟಿನ ಕೆಳಗೆ ಬಂದ ಚಿಗುರು ಕಿತ್ತು ಹಾಕದಿದ್ದರೆ ಕಾಡುಗಿಡವೇ ಮೇಲೇರುತ್ತದೆ, ಕೊಂಡ ಗುಲಾಬಿ ಸೊರಗುತ್ತದೆ. ಇದನ್ನು ನಮ್ಮ ಅವ್ವಂದಿರಿಗೆ ಹೇಳುವವರು ಯಾರು?

ಕೇಂದ್ರದ 2011ರ ಪೊಟ್ಟಣ ಸರಕಿನ ನಿಯಮಕ್ಕೆ ಹಿಂದಿ ಇಲ್ಲವೇ ಇಂಗ್ಲಿಷ್ ಇದ್ದರೆ ಸಾಕು. ಕನ್ನಡ ಹಾಕಬಹುದು, ಹಾಕಲೇಬೇಕೆಂದಿಲ್ಲ! ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ, ಆದರೆ ಇಲ್ಲೇ ತಯಾರಾದ ಸರಕಿಗೆ ಮಾತ್ರ. ಹೊರಗಿನಿಂದ ಬಂದ ಡಬ್ಬಿ ಪಾರು!

ಪ್ರೆಸ್ಸು ನಡೆಸುವ ನಾನು ಹೇಳುತ್ತೇನೆ: ಚೀಟಿಯ ಹಿಂಬದಿಗೆ ನಾಲ್ಕು ಸಾಲು ಕನ್ನಡ ಅಚ್ಚು ಹಾಕುವುದು ಪೈಸೆಗಳ ಲೆಕ್ಕ. ಅವರಿಗೆ ಇಲ್ಲದ್ದು ರೊಕ್ಕವಲ್ಲ, ಮನಸ್ಸು.

ಆರ್ಡರ್ ಕೊಡುವ ಮೊದಲು ಕೇಳಿ: ಕನ್ನಡ ಚೀಟಿ ಇದೆಯೇ? ಇಲ್ಲವೆಂದರೆ ಕೊಳ್ಳಬೇಡಿ. ಊರಿನ ನರ್ಸರಿಗೆ ನಡೆಯಿರಿ. ಬೀದರಿನಲ್ಲೇ ತೋಟಗಾರಿಕೆ ಕಾಲೇಜಿದೆ, ಕನ್ನಡದಲ್ಲೇ ವಿಚಾರಿಸಿ. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದ್ದು ನಮ್ಮ ಹಿತ್ತಲಲ್ಲೇ ಮೂಕರಾಗಲು ಅಲ್ಲ!