ಕಾರ್ಖಾನೆ ಮೊದಲೋ, ಮನೆ ಮೊದಲೋ?

ಕಾರ್ಖಾನೆಯ ನೆರೆಹೊರೆಯವರು ಸುರಕ್ಷತೆಯ ಬಗ್ಗೆ ಆತಂಕ ವ್ಯಕ್ತಪಡಿಸಿದಾಗಲೆಲ್ಲ ಉದ್ಯಮಿಗಳಿಂದ ಸಾಮಾನ್ಯವಾಗಿ ಬರುವ ಉತ್ತರವೆಂದರೆ, ‘ನಾವು ಮೊದಲು ಬಂದೆವು, ಮನೆಗಳು ಆಮೇಲೆ ಬಂದವು’ ಎಂಬುದು. ಅನೇಕ ಕಡೆ ಈ ಮಾತು ನಿಜವೂ ಹೌದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ರೂಪುಗೊಂಡಾಗ ನಗರದ ಅಂಚಿನಲ್ಲಿತ್ತು. ಇಂದು ಅದರ ಸುತ್ತ ಬಡಾವಣೆಗಳು ತುಂಬಿವೆ. ಆದರೆ ಮೊದಲು ಬಂದ ಹಿರಿತನವು ಅಪಘಾತದ ದಿನ ಯಾರ ನೆರವಿಗೂ ಬರುವುದಿಲ್ಲ.

ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್ ಪ್ರಕರಣ ಇದಕ್ಕೆ ಸಾಕ್ಷಿ. ಆ ಕಾರ್ಖಾನೆ ಬೇರೊಂದು ಹೆಸರಿನಲ್ಲಿ ಆರಂಭವಾದದ್ದು 1961ರಲ್ಲಿ. ಊರು ಬೆಳೆಯುತ್ತ ಬಂದು ಅದರ ಗೋಡೆಯ ಸಮೀಪಕ್ಕೆ ತಲುಪಿತು. ಕೋವಿಡ್ ಲಾಕ್‌ಡೌನಿನಿಂದ ಉತ್ಪಾದನೆ ಸ್ಥಗಿತಗೊಂಡಿದ್ದಾಗ, ತೊಟ್ಟಿಯಲ್ಲಿ ಉಳಿದಿದ್ದ ಸ್ಟೈರೀನ್ 2020ರ ಮೇ 7ರ ನಸುಕಿನಲ್ಲಿ ಆವಿಯಾಗಿ ಹೊರನುಗ್ಗಿತು. 12 ಮಂದಿ ಅಸುನೀಗಿದರು. ಸ್ಟೈರೀನನ್ನು ತಂಪಾಗಿ ಇಡದಿದ್ದರೆ, ಅದು ಗಟ್ಟಿಯಾಗುವುದನ್ನು ತಡೆಯುವ ರಾಸಾಯನಿಕವನ್ನು ಕಾಲಕಾಲಕ್ಕೆ ಸೇರಿಸದಿದ್ದರೆ, ಅದು ತನ್ನಷ್ಟಕ್ಕೆ ತಾನೇ ಕಾಯತೊಡಗುತ್ತದೆ. ಕಾದಷ್ಟೂ ಆ ಕ್ರಿಯೆ ಚುರುಕಾಗುತ್ತದೆ. ರಾಜ್ಯ ಸರ್ಕಾರದ ತನಿಖಾ ಸಮಿತಿ ಗುರುತಿಸಿದ ಲೋಪಗಳು ಯಾವ ಸಣ್ಣ ಉದ್ಯಮಿಗೂ ಅಪರಿಚಿತವಲ್ಲ. ಶೀತಲೀಕರಣ ವ್ಯವಸ್ಥೆಯನ್ನು ರಾತ್ರಿ ನಡೆಸುತ್ತಿರಲಿಲ್ಲ. ಉಷ್ಣಮಾಪಕವು ತೊಟ್ಟಿಯ ತಳದಲ್ಲಿತ್ತಾದ್ದರಿಂದ ಮೇಲ್ಪದರದ ಶಾಖ ಯಾರ ಗಮನಕ್ಕೂ ಬರಲಿಲ್ಲ. ಸೈರನ್ ಇತ್ತು, ಮೊಳಗಲಿಲ್ಲ. ನೆರೆಯವರು ನಿದ್ದೆಯಲ್ಲಿದ್ದರು. ಮರುದಿನವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 50 ಕೋಟಿ ರೂಪಾಯಿ ಠೇವಣಿ ಇಡುವಂತೆ ಕಂಪನಿಗೆ ಆದೇಶಿಸಿತು.

ಕಾನೂನಿನ ನಿಲುವು ಅದಕ್ಕೂ ಬಹು ಹಿಂದೆಯೇ ಸ್ಪಷ್ಟವಾಗಿತ್ತು. ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ 1985ರ ಡಿಸೆಂಬರಿನಲ್ಲಿ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮರುವರ್ಷ ನೀಡಿದ ತೀರ್ಪಿನ ಪ್ರಕಾರ, ಅಪಾಯಕಾರಿ ಉದ್ಯಮ ನಡೆಸುವವರ ಹೊಣೆ ಸಂಪೂರ್ಣವಾದುದು. ‘ಎಲ್ಲ ಎಚ್ಚರಿಕೆ ವಹಿಸಿದ್ದೆವು’ ಎಂಬ ಸಮಜಾಯಿಷಿಗೂ ಅಲ್ಲಿ ಅವಕಾಶವಿಲ್ಲ. ಹಾಗಿರುವಾಗ ‘ನಾವು ಮೊದಲು ಬಂದೆವು’ ಎಂಬುದಕ್ಕೆ ಎಷ್ಟು ಬೆಲೆ ಸಿಕ್ಕೀತು?

ಇದೆಲ್ಲ ದೊಡ್ಡವರ ವಿಷಯ ಎಂದು ವರ್ತಕರು ಭಾವಿಸಬೇಕಾಗಿಲ್ಲ. 2021ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ನ್ಯೂ ತರಗುಪೇಟೆಯಲ್ಲಿ ಸ್ಫೋಟ ಸಂಭವಿಸಿ ಜೀವಹಾನಿಯಾದದ್ದು ಪಟಾಕಿ ಇರಿಸಿದ್ದ ಒಂದು ಸಾಗಣೆ ಗೋದಾಮಿನಲ್ಲಿ. ಬಣ್ಣದಂಗಡಿಯ ಥಿನ್ನರ್, ಶೀತಲಗೃಹದ ಅಮೋನಿಯಾ, ಶೆಡ್ಡಿನ ಮೂಲೆಯ ಅನಿಲ ಸಿಲಿಂಡರುಗಳು ಇವೆಲ್ಲ ಇದೇ ಜಾತಿಯವು.

1989ರ ಅಪಾಯಕಾರಿ ರಾಸಾಯನಿಕಗಳ ನಿಯಮಾವಳಿಯು ನಿಗದಿತ ಪ್ರಮಾಣ ಮೀರಿದ ದಾಸ್ತಾನಿರುವವರು ತುರ್ತು ಯೋಜನೆ ಸಿದ್ಧಪಡಿಸಬೇಕೆಂದೂ, ಅಪಾಯದ ಸ್ವರೂಪವನ್ನು ಸುತ್ತಲಿನ ಜನರಿಗೆ ತಿಳಿಸಬೇಕೆಂದೂ ವಿಧಿಸುತ್ತದೆ. ಆ ಮಿತಿಯ ಕೆಳಗಿರುವ ಸಣ್ಣ ಘಟಕಗಳಿಗೆ ಈ ಕಟ್ಟುಪಾಡು ಅನ್ವಯಿಸದಿರಬಹುದು. ಆದರೂ ದಾಸ್ತಾನಿನ ವಿವರವನ್ನು ಸಮೀಪದ ಅಗ್ನಿಶಾಮಕ ಠಾಣೆಗೆ ಕೊಟ್ಟಿರುವುದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ. ಸೈರನ್ ಕೇಳಿದರೆ ಯಾವ ದಿಕ್ಕಿಗೆ ನಡೆಯಬೇಕೆಂಬುದನ್ನು ನೆರೆಯವರಿಗೆ ಮೊದಲೇ ಹೇಳಿಡುವುದಕ್ಕೆ ಹೆಚ್ಚು ಖರ್ಚೂ ಇಲ್ಲ. ದಾಸ್ತಾನು ಬಹಿರಂಗವಾದರೆ ಪ್ರತಿಸ್ಪರ್ಧಿಗೆ ವ್ಯಾಪಾರದ ಗುಟ್ಟು ತಿಳಿದೀತೆಂಬ ಅಳುಕು ಕೆಲವರಿಗಿದೆ. ಅದು ಅತಿಯಾದ ಅಳುಕು.

ಇನ್ನು ಮನೆಗಳಿಗೆ ಕಾರ್ಖಾನೆಯ ಗೋಡೆಯವರೆಗೂ ಅನುಮತಿ ನೀಡಿದ ಯೋಜನಾ ಪ್ರಾಧಿಕಾರಗಳ ತಪ್ಪೂ ಸಣ್ಣದಲ್ಲ. ವಿದ್ಯುತ್ ದರದ ವಿಷಯದಲ್ಲಿ ಮನವಿ ಸಲ್ಲಿಸುವಷ್ಟೇ ಶ್ರದ್ಧೆಯಿಂದ, ನಗರ ಯೋಜನೆಯ ಕರಡಿಗೆ ಆಕ್ಷೇಪಣೆ ಆಹ್ವಾನಿಸಿದಾಗ ಕೈಗಾರಿಕಾ ಸಂಘಗಳು ತೆರವು ಪಟ್ಟಿಗಾಗಿ ಲಿಖಿತ ಬೇಡಿಕೆ ಇಡಬೇಕು. ಆಕ್ಷೇಪಣೆಯ ಗಡುವು ಮುಗಿದು ಬಡಾವಣೆ ಎದ್ದ ಮೇಲೆ ಆ ಜಾಗ ಮರಳಿ ಸಿಗುವುದಿಲ್ಲ.